ಮನೆ ವರ್ಕ್‌ಶಾಪ್‌ನಲ್ಲಿ ಮರದ ಧೂಳು ಹಿಡಿಯೋದು ಹೇಗೆ: ದೊಡ್ಡ ಮಷೀನ್ ತಗೊಳ್ಳೋ ಮುಂಚೆ ಮಾಡ್ಬೇಕಾದ ಕೆಲಸಗಳು

ಧೂಳು ಎಳೆಯೋ ಮಷೀನ್, ಅಂದ್ರೆ ಡಸ್ಟ್ ಕಲೆಕ್ಟರ್ ಇದೆ, ಆನ್ ಮಾಡಿದ್ರೆ ಭರ್ರೋ ಅಂತ ಸದ್ದೂ ಮಾಡತ್ತೆ, ಆದ್ರೂ ಸಂಜೆ ಹೊತ್ತಿಗೆ ಟೇಬಲ್ ಮೇಲೆ ಬೆರಳಲ್ಲಿ ಹೆಸರು ಬರೆಯೋ ಅಷ್ಟು ಧೂಳು ಕೂತಿರತ್ತೆ ಅಂತ ತುಂಬಾ ಜನ ಹೇಳ್ತಾರೆ, ಆಮೇಲೆ ಇನ್ನೂ ಜಾಸ್ತಿ ಹಾರ್ಸ್‌ಪವರ್ ಇರೋದು ಹುಡುಕ್ತಾರೆ. ಅದಕ್ಕೆ ದುಡ್ಡು ಹಾಕೋ ಮುಂಚೆ ಇದನ್ನ ಪೂರ್ತಿ ಓದಿ ಅಂತ ನನ್ನ ವಿನಂತಿ. ಬಹಳಷ್ಟು ಮನೆ ವರ್ಕ್‌ಶಾಪ್‌ಗಳಲ್ಲಿ ತೊಂದರೆ ಮೋಟರ್‌ದಲ್ಲ, ಧೂಳು ಹುಟ್ಟೋ ಜಾಗದಿಂದ ಫಿಲ್ಟರ್ ತನಕ ಗಾಳಿ ಬರೋ ದಾರೀದು. ಆ ದಾರಿ ಸರಿ ಮಾಡಿದ್ರೆ ಇರೋ ಮಷೀನೇ ಎಷ್ಟೋ ಚೆನ್ನಾಗಿ ಕೆಲಸ ಮಾಡತ್ತೆ, ದಾರಿ ಸರಿ ಮಾಡ್ದೆ ದೊಡ್ಡ ಮಷೀನ್ ತಂದ್ರೆ ಸದ್ದು ಮಾತ್ರ ಜಾಸ್ತಿ ಆಗತ್ತೆ.

ಯಾವ ಧೂಳು ಅನ್ನೋದು ಮೊದಲು ಗೊತ್ತಿರ್ಲಿ

ನೆಲದ ಮೇಲೆ ರಾಶಿ ಬೀಳೋ ಹೊಟ್ಟು, ಪ್ಲೇನರ್‌ನಿಂದ ಬರೋ ಸಿಪ್ಪೆ, ಇವು ಕಸ ಅಷ್ಟೇ. ಗುಡಿಸಿದ್ರೆ ಹೋಗತ್ತೆ. ಶ್ವಾಸಕೋಶಕ್ಕೆ ಇಳಿಯೋದು ಕಣ್ಣಿಗೆ ಕಾಣದೇ ಇರೋದು. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ), ಆದ್ರೆ 10 ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಮೂಗು ಗಂಟಲು ದಾಟಿ ಒಳಗೆ ಹೋಗತ್ವೆ, ಅದಕ್ಕಿಂತಲೂ ಸಣ್ಣವು ಶ್ವಾಸಕೋಶದ ತಳಕ್ಕೇ ಇಳಿಯತ್ವೆ, ಮತ್ತೆ ಇವು ಗಾಳಿಯಲ್ಲಿ ಗಂಟೆಗಟ್ಟಲೆ ತೇಲ್ತಾ ಇರತ್ವೆ, ಅಂದ್ರೆ ನೀವು ಗರಗಸ ಆಫ್ ಮಾಡಿ ಮಾಸ್ಕ್ ತೆಗೆದು ಆರಾಮಾಗಿ ಅಳತೆ ಗುರುತು ಹಾಕ್ತಾ ಇರ್ತೀರಲ್ಲ ಆಗಲೂ ಉಸಿರಾಡ್ತಾ ಇರೋದು ಅದನ್ನೇ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನ 1995ರಲ್ಲೇ ಗ್ರೂಪ್ 1ಕ್ಕೆ, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರತ್ತೆ ಅಂತ ಖಚಿತವಾಗಿರೋ ವಸ್ತುಗಳ ಪಟ್ಟಿಗೆ ಸೇರಿಸಿದೆ, ಮುಖ್ಯವಾಗಿ ಮೂಗು ಮತ್ತು ಸೈನಸ್ ಕ್ಯಾನ್ಸರ್. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗದಲ್ಲಿ ಒಂದು ಘನ ಮೀಟರ್ ಗಾಳಿಗೆ 1 ಮಿಲಿಗ್ರಾಂಗಿಂತ ಜಾಸ್ತಿ ಮರದ ಧೂಳು ಇರಬಾರ್ದು ಅಂತ ಸಲಹೆ ಕೊಡತ್ತೆ. 1 ಮಿಲಿಗ್ರಾಂ ಅಂದ್ರೆ ಚಿಟಿಕೆ ಕೂಡ ಅಲ್ಲ. ಇದರ ಮೇಲೆ ಕೆಲವು ಮರಗಳು ಅಲರ್ಜಿ ತರತ್ವೆ, ತೇಗ, ಬೀಟೆ ಜಾತಿಯ ಮರಗಳಿಂದ ಚರ್ಮ ಕೆರೆತ ಬರೋರು ಇದ್ದಾರೆ, ವೆಸ್ಟರ್ನ್ ರೆಡ್ ಸೀಡರ್ ಧೂಳಿಂದ ಆಸ್ತಮಾ ಬರೋದಂತೂ ಚೆನ್ನಾಗಿ ಗೊತ್ತಿರೋ ವಿಷಯ. ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡೋ ಎಂಡಿಎಫ್ ಹಲಗೆಯ ಧೂಳು ಇನ್ನೂ ನುಣುಪು, ಜೊತೆಗೆ ಅಂಟಿನ ರಾಳಾನೂ ಇರತ್ತೆ. ಹೆದರ್ಸೋಕೆ ಹೇಳ್ತಿಲ್ಲ, ನೆಲ ಚೊಕ್ಕಟ ಆಯ್ತು ಅಂದ್ರೆ ಗಾಳಿ ಚೊಕ್ಕಟ ಆಯ್ತು ಅಂತ ಅಲ್ಲ ಅನ್ನೋದು ಮನಸ್ಸಲ್ಲಿ ಇರ್ಲಿ ಅಂತ.

ಹಂತ 1: ಈಗ ಏನಾಗ್ತಿದೆ ಅಂತ ನೋಡಿ

ರಾತ್ರಿ ಲೈಟ್ ಎಲ್ಲಾ ಆರ್ಸಿ, ಒಂದು ಜೋರು ಟಾರ್ಚನ್ನ ಬ್ಲೇಡಿನ ಹಿಂದೆ ಸ್ವಲ್ಪ ದೂರದಲ್ಲಿ ನಿಮ್ಮ ಕಡೆಗೆ ಮುಖ ಮಾಡಿ ಇಡಿ, ಆಮೇಲೆ ಮಷೀನ್ ಪಕ್ಕದ ಒಂದು ಲೈಟ್ ಮಾತ್ರ ಹಾಕ್ಕೊಂಡು ಕೈ ಬ್ಲೇಡು ಚೆನ್ನಾಗಿ ಕಾಣ್ತಿದೆ ಅಂತ ಖಾತ್ರಿ ಆದ್ಮೇಲೆ ಒಂದು ತುಂಡು ಕುಯ್ಯಿರಿ. ಟಾರ್ಚ್ ಬೆಳಕಲ್ಲಿ ಧೂಳು ಎಲ್ಲಿಂದ ಎದ್ದು ಎತ್ತ ಹೋಗ್ತಿದೆ ಅಂತ ಕಾಣತ್ತೆ. ಕೈ ಸರಿಯಾಗಿ ಕಾಣ್ತಿಲ್ಲ ಅಂದ್ರೆ ಬ್ಲೇಡಿನ ಹತ್ರ ಹೋಗ್ಲೇಬೇಡಿ, ಸ್ಯಾಂಡರ್‌ನಲ್ಲಿ ಈ ಪರೀಕ್ಷೆ ಮಾಡಿ ಸಾಕು.

ಆಮೇಲೆ ಪಿಎಂ 2.5, ಅಂದ್ರೆ ಗಾಳಿಯಲ್ಲಿ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣ ಎಷ್ಟಿದೆ ಅಂತ ತೋರ್ಸೋ ಚಿಕ್ಕ ಲೇಸರ್ ಮೀಟರ್ ಒಂದು ತಗೊಳ್ಳಿ. ಅದರ ನಂಬರ್ ಲ್ಯಾಬ್ ಮಟ್ಟದ್ದಲ್ಲ, ಆದ್ರೆ ಬದಲಾವಣೆಗೆ ಮುಂಚೆ ಎಷ್ಟಿತ್ತು ಆಮೇಲೆ ಎಷ್ಟಾಯ್ತು ಅಂತ ಹೋಲಿಸೋಕೆ ಅಷ್ಟು ಸಾಕು. ಕೆಲಸ ಶುರು ಮಾಡೋ ಮುಂಚೆ, ಕುಯ್ಯುವಾಗ, ನಿಲ್ಲಿಸಿ ಅರ್ಧ ಗಂಟೆ ಆದ್ಮೇಲೆ, ಮೂರೂ ಬರೆದಿಡಿ. ಇದು ಇಲ್ದೆ ಮುಂದಿನ ಹಂತಗಳೆಲ್ಲ ಅಂದಾಜಲ್ಲೇ ಹೋಗತ್ತೆ.

ಹಂತ 2: ಶಾಪ್ ವ್ಯಾಕ್ಯೂಮ್ ಬೇರೆ, ಡಸ್ಟ್ ಕಲೆಕ್ಟರ್ ಬೇರೆ

ಎರಡೂ ಧೂಳು ಎಳೆಯೋ ಮಷೀನೇ ಆದ್ರೂ ಸ್ವಭಾವ ಪೂರಾ ಬೇರೆ. ಶಾಪ್ ವ್ಯಾಕ್ಯೂಮ್‌ಗೆ ಎಳೆಯೋ ಒತ್ತಡ ಜಾಸ್ತಿ ಆದ್ರೆ ಗಾಳಿ ಪ್ರಮಾಣ ಕಮ್ಮಿ, ನಿಮಿಷಕ್ಕೆ ನೂರು ನೂರೈವತ್ತು ಘನ ಅಡಿ ಆಸುಪಾಸು, ಇದನ್ನೇ ಸಿಎಫ್‌ಎಂ ಅಂತಾರೆ. ಹಾಗಾಗಿ ಸಣ್ಣ ಹೋಸ್‌ನಲ್ಲೂ ಜೋರಾಗಿ ಎಳೆಯತ್ತೆ. ಡಸ್ಟ್ ಕಲೆಕ್ಟರ್ ಇದಕ್ಕೆ ಉಲ್ಟಾ, ಗಾಳಿ ರಾಶಿ ರಾಶಿ ಸಾಗ್ಸತ್ತೆ ಆದ್ರೆ ಒತ್ತಡ ಕಮ್ಮಿ, ದಾರಿಯಲ್ಲಿ ಎಲ್ಲಾದ್ರೂ ಇಕ್ಕಟ್ಟಾದ್ರೆ ಅಲ್ಲೇ ಸೋತುಹೋಗತ್ತೆ.

ಅದಕ್ಕೇ ಸ್ಯಾಂಡರ್, ಟ್ರ್ಯಾಕ್ ಸಾ (ಹಳಿ ಮೇಲೆ ಜಾರ್ಸೋ ಗರಗಸ), ಕೈಯಲ್ಲಿ ಹಿಡಿಯೋ ರೌಟರ್ (ಮರದಲ್ಲಿ ಕಾಲುವೆ, ಅಂಚಿನ ಆಕಾರ ಕೊರೆಯೋದು) ಇವಕ್ಕೆಲ್ಲ ವ್ಯಾಕ್ಯೂಮ್, ಟೇಬಲ್ ಸಾ, ಬ್ಯಾಂಡ್ ಸಾ, ಪ್ಲೇನರ್, ಜಾಯಿಂಟರ್ (ಹಲಗೆಯ ಮುಖ, ಅಂಚು ನೇರ ಮಾಡೋದು) ಇವಕ್ಕೆ ಕಲೆಕ್ಟರ್. ಕಲೆಕ್ಟರ್‌ನ 4 ಇಂಚಿನ ಬಾಯಿಗೆ ಅಡಾಪ್ಟರ್ ಹಾಕಿ ಎರಡೂವರೆ ಇಂಚಿನ ಹೋಸ್ ಸಿಗ್ಸಿ ಸ್ಯಾಂಡರ್‌ಗೆ ಕೊಡೋದು ತುಂಬಾ ಕಡೆ ನೋಡ್ತೀನಿ, ದಯವಿಟ್ಟು ಹಾಗೆ ಮಾಡ್ಬೇಡಿ, ಪೈಪಿನ ಅಡ್ಡಗಾತ್ರ ಎರಡೂವರೆ ಪಟ್ಟು ಕಮ್ಮಿ ಆಗತ್ತೆ, ಕಲೆಕ್ಟರ್ ಉಸಿರು ಕಟ್ಟಿ ಸುಮ್ನೆ ತಿರುಗ್ತಾ ಇರತ್ತೆ ಅಷ್ಟೇ.

ಇನ್ನೊಂದು, ಡಬ್ಬದ ಮೇಲೆ ಬರೆದಿರೋ ಸಿಎಫ್‌ಎಂ ಸಾಮಾನ್ಯವಾಗಿ ಪೈಪು ಇಲ್ದೆ, ಕೆಲವೊಮ್ಮೆ ಫಿಲ್ಟರ್ ಕೂಡ ಇಲ್ದೆ ಅಳೆದಿದ್ದು. ನಿಮ್ಮ ಮಷೀನ್ ಹತ್ರ ಸಿಗೋದು ಅದಕ್ಕಿಂತ ಎಷ್ಟೋ ಕಮ್ಮಿ. ಹೋಲಿಸುವಾಗ ಫ್ಯಾನ್ ಕರ್ವ್, ಅಂದ್ರೆ ದಾರಿಯಲ್ಲಿ ತಡೆ ಜಾಸ್ತಿ ಆದಂಗೆ ಗಾಳಿ ಎಷ್ಟು ಸಿಗತ್ತೆ ಅಂತ ತೋರ್ಸೋ ಗ್ರಾಫ್, ಕೊಟ್ಟಿದ್ದಾರಾ ಅಂತ ನೋಡಿ, ಒಳಗೆ ತಿರುಗೋ ರೆಕ್ಕೆ ಚಕ್ರ, ಅಂದ್ರೆ ಇಂಪೆಲ್ಲರ್ ಎಷ್ಟು ಇಂಚಿಂದು ಅಂತ ನೋಡಿ, ಹಾರ್ಸ್‌ಪವರ್ ಸ್ಟಿಕರ್‌ಗಿಂತ ಅದು ನಿಜ ಹೇಳತ್ತೆ.

ಹಂತ 3: ಬಾಯಿ ಧೂಳಿನ ಹತ್ರ ತನ್ನಿ

ಈ ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಊದೋ ಗಾಳಿ ದೂರ ಹೋಗತ್ತೆ, ಎಳೆಯೋ ಗಾಳಿ ದೂರದಿಂದ ಬರಲ್ಲ. ಫ್ಯಾನ್ ಮುಂದೆ ನಿಂತ್ರೆ ರೂಮಿನ ಆ ಮೂಲೆಗೂ ಗಾಳಿ ಗೊತ್ತಾಗತ್ತೆ, ಅದೇ ಫ್ಯಾನ್ ಹಿಂದೆ ನಾಲ್ಕಡಿ ದೂರ ನಿಂತ್ರೆ ಏನೂ ಗೊತ್ತಾಗಲ್ಲ. ಪೈಪಿನ ಬಾಯಿಂದ ಅದರ ಅಗಲದಷ್ಟೇ ದೂರ ಹೋದ್ರೂ, ಅಂದ್ರೆ 4 ಇಂಚಿನ ಪೈಪಾದ್ರೆ ಬರೀ 4 ಇಂಚು ದೂರದಲ್ಲಿ, ಗಾಳಿಯ ವೇಗ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದಿರತ್ತೆ. ಹಾಗಾಗಿ ಒಂದಡಿ ದೂರದಲ್ಲಿ ಹೋಸ್ ನೇತಾಕಿ ಅದು ಎಳ್ಕೊಳ್ಳತ್ತೆ ಅಂದ್ಕೊಂಡ್ರೆ ಆಗಲ್ಲ, ಎಷ್ಟೇ ದೊಡ್ಡ ಮಷೀನ್ ಇದ್ರೂ ಆಗಲ್ಲ.

ಇದಕ್ಕೆ ಎರಡೇ ಉಪಾಯ. ಒಂದು, ಬಾಯನ್ನ ಹತ್ರ ತರೋದು. ಎರಡು, ಧೂಳು ಹುಟ್ಟೋ ಜಾಗಕ್ಕೆ ಸುತ್ತ ಗೋಡೆ ಕಟ್ಟೋದು, ಅಂದ್ರೆ ಪ್ಲೈವುಡ್, ಅಕ್ರಿಲಿಕ್ ಶೀಟ್, ರಬ್ಬರ್ ಪಟ್ಟಿ ಏನಾದ್ರೂ ಹಾಕಿ ಮುಚ್ಚಿ ಗಾಳಿ ನಮಗೆ ಬೇಕಾದ ಕಡೆಯಿಂದ ಮಾತ್ರ ಬರೋ ಹಾಗೆ ಮಾಡೋದು. ಆದ್ರೆ ಪೂರ್ತಿ ಸೀಲ್ ಮಾಡ್ಬಿಟ್ರೆ ಗಾಳಿ ಹರಿಯೋದೇ ನಿಂತುಹೋಗತ್ತೆ, ಒಳಗೆ ಬರದೇ ಇರೋ ಗಾಳಿ ಹೊರಗೆ ಹೋಗೋದು ಎಲ್ಲಿಂದ, ಅದಕ್ಕೆ ಧೂಳಿಂದ ಆಚೆ ಬದಿಯಲ್ಲಿ ಒಂದು ತೂತು ಬಿಡ್ಲೇಬೇಕು, ಗಾಳಿ ಅಲ್ಲಿಂದ ನುಗ್ಗಿ ಧೂಳನ್ನ ತಳ್ಕೊಂಡು ಪೈಪಿಗೆ ಹೋಗೋ ಹಾಗೆ.

ಒಂದೊಂದು ಮಷೀನ್‌ಗೆ ಏನು ಮಾಡ್ಬೇಕು ಅಂದ್ರೆ:

ಟೇಬಲ್ ಸಾನಲ್ಲಿ ಕೆಳಗಡೆ ಎಳೆದ್ರೆ ಅರ್ಧ ಕೆಲಸ ಅಷ್ಟೇ. ಬ್ಲೇಡಿನ ಹಲ್ಲಿನ ಸಂದಿಯಲ್ಲಿ ಉಳಿದ ಧೂಳು ಸುತ್ತಿ ಮೇಲೆ ಬಂದು ನೇರವಾಗಿ ನಿಮ್ಮ ಮುಖದ ಕಡೆ ಎಸೆಯತ್ತೆ, ಅದರಲ್ಲೂ ಹಲಗೆಯ ಅಂಚನ್ನ ಸ್ವಲ್ಪ ಮಾತ್ರ ಸವರೋವಾಗ ಒಂದು ಪಕ್ಕ ಮರವೇ ಇರಲ್ಲ, ಧೂಳಿಗೆ ತಡೆ ಇಲ್ದೆ ಬಹುಪಾಲು ಮೇಲಕ್ಕೇ ಹಾರತ್ತೆ. ಹಾಗಾಗಿ ಬ್ಲೇಡ್ ಗಾರ್ಡ್ ಮೇಲೆ ಇನ್ನೊಂದು ಎಳೆಯೋ ಬಾಯಿ ಬೇಕೇ ಬೇಕು, ಇದು ಗಾರ್ಡ್ ತೆಗೆದಿಡೋ ಅಭ್ಯಾಸಾನೂ ಬಿಡ್ಸತ್ತೆ, ಒಳ್ಳೇದೇ. ಕೆಳಗೆ ಕ್ಯಾಬಿನೆಟ್‌ನಲ್ಲಿ ಬ್ಲೇಡ್ ಓರೆ ಮಾಡೋ ಸಂದಿ, ಮೋಟರ್ ಮುಚ್ಚಳದ ಸಂದಿ ಎಲ್ಲಾ ಮ್ಯಾಗ್ನೆಟ್ ಶೀಟ್ ಅಥವಾ ಫೋಮ್ ಪಟ್ಟಿ ಹಾಕಿ ಮುಚ್ಚಿ, ಒಳಗೆ ಮೂಲೆಯಲ್ಲಿ ಹೊಟ್ಟು ಕೂರದ ಹಾಗೆ ಇಳಿಜಾರು ಹಲಗೆ ಇಡಿ. ಹಿಂದೆ ಮೋಟರ್ ನೇತಾಡೋ ತೆರೆದ ಸಾ ಆದ್ರೆ ಹಿಂಭಾಗ ತೆಳು ಪ್ಲೈ ಹಾಕಿ ಮುಚ್ಚಿ, ಮೋಟರ್ ಅಲ್ಲಾಡೋಕೆ ಜಾಗ ಮತ್ತೆ ಅದರ ಕೂಲಿಂಗ್‌ಗೆ ಗಾಳಿ ಇರೋ ಹಾಗೆ ನೋಡ್ಕೊಳ್ಳಿ.

ಮೈಟರ್ ಸಾ, ಅಂದ್ರೆ ಮೇಲಿಂದ ಕೆಳಗಿಳಿಸಿ ಅಡ್ಡ ಕುಯ್ಯೋ ಗರಗಸ, ಎಲ್ಲದಕ್ಕಿಂತ ಕಷ್ಟದ್ದು. ಧೂಳನ್ನ ಹಿಂದಕ್ಕೆ ಬೀಸಣಿಗೆ ಥರ ಅಗಲವಾಗಿ ಎಸೆಯತ್ತೆ, ಅದರ ಜೊತೆ ಬರೋ ಚೀಲ ಹೆಸರಿಗಷ್ಟೇ. ಹಿಂದೆ ಮತ್ತೆ ಎರಡೂ ಪಕ್ಕ ಮುಚ್ಚಿರೋ ಒಂದು ದೊಡ್ಡ ಗೂಡು ಕಟ್ಟಿ, ಕೆಳಭಾಗಕ್ಕೆ 4 ಇಂಚು ಅಥವಾ ಅದಕ್ಕಿಂತ ದೊಡ್ಡ ಪೈಪು ಕೊಡಿ, ಬ್ಲೇಡಿನ ಹಿಂದಿರೋ ಚಿಕ್ಕ ರಬ್ಬರ್ ಬಾಯಿಗೆ ಬೇರೆ ವ್ಯಾಕ್ಯೂಮ್ ಸಿಗ್ಸಿದ್ರೆ ಇನ್ನೂ ಒಳ್ಳೇದು. ಇಷ್ಟೆಲ್ಲಾ ಮಾಡಿದ್ರೂ ಸ್ವಲ್ಪ ತಪ್ಪಿಸ್ಕೊಳ್ಳತ್ತೆ, ಈ ಮಷೀನ್ ಮುಂದೆ ಮಾಸ್ಕ್ ಕಡ್ಡಾಯ ಅಂತ ಇಟ್ಕೊಳ್ಳಿ.

ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ ಮಾಡೋ ಧೂಳು ತುಂಬಾ ಸಣ್ಣದು, ಆದ್ರೆ ಇದನ್ನ ಹಿಡಿಯೋದು ತುಂಬಾ ಸುಲಭ ಯಾಕಂದ್ರೆ ಬಾಯಿ ಧೂಳಿನ ಮೇಲೇ ಕೂತಿರತ್ತೆ. ಚೀಲ ತೆಗೆದು ವ್ಯಾಕ್ಯೂಮ್ ಹೋಸ್ ಹಾಕಿ, ಸ್ಯಾಂಡ್ ಪೇಪರ್‌ನ ತೂತು ಪ್ಯಾಡ್‌ನ ತೂತಿಗೆ ಸರಿಯಾಗಿ ಕೂರ್ಸಿ, ಇಲ್ಲಾಂದ್ರೆ ಬಲೆ ಥರ ಇರೋ ಮೆಶ್ ಡಿಸ್ಕ್ ಬಳಸಿ, ಇಡೀ ಮುಖದಿಂದ ಎಳೆಯತ್ತೆ. ಎಳೆತ ಅತಿಯಾದ್ರೆ ಸ್ಯಾಂಡರ್ ಮರಕ್ಕೆ ಅಂಟ್ಕೊಂಡು ಸುರುಳಿ ಗೀರು ಬೀಳತ್ತೆ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಮತ್ತೆ ಎಲ್ಲಾದಕ್ಕೂ ಸ್ಯಾಂಡರ್ ಬೇಕಂತಿಲ್ಲ, ಚೆನ್ನಾಗಿ ಹರಿತ ಮಾಡಿರೋ ಕೀಸುಳಿ ಅಥವಾ ಕಾರ್ಡ್ ಸ್ಕ್ರೇಪರ್ (ಮರ ಹೆರೆಯೋ ತೆಳು ಉಕ್ಕಿನ ತಗಡು) ಸಿಪ್ಪೆ ತೆಗೆಯತ್ತೆ, ಗಾಳಿಗೆ ಧೂಳು ಎಬ್ಬಿಸೋದು ತೀರಾ ಕಮ್ಮಿ, ಮೇಲ್ಮೈನೂ ಹೊಳೆಯತ್ತೆ. ನನಗಂತೂ ಇದು ತುಂಬಾ ಇಷ್ಟದ ದಾರಿ.

ಬ್ಯಾಂಡ್ ಸಾನಲ್ಲಿ ಕಂಪನಿ ಕೊಟ್ಟಿರೋ ಬಾಯಿ ಕೆಳಗಿನ ಚಕ್ರದ ತಳದಲ್ಲಿರತ್ತೆ, ಅಷ್ಟೊತ್ತಿಗೆ ಧೂಳು ಅರ್ಧ ಊರು ಸುತ್ತಿರತ್ತೆ, ಟೇಬಲ್‌ಗೆ ಅಂಟಿದಂತೆ ಕೆಳಗಡೆ ಬ್ಲೇಡ್ ಪಕ್ಕ ಇನ್ನೊಂದು ಬಾಯಿ ಕೊಡಿ. ರೌಟರ್ ಟೇಬಲ್‌ಗೆ ಫೆನ್ಸ್‌ನಲ್ಲಿ (ಮರ ಒರಗಿಸಿ ತಳ್ಳೋ ಪಟ್ಟಿಯಲ್ಲಿ) ಒಂದು, ಕೆಳಗೆ ರೌಟರ್ ಸುತ್ತ ಪೆಟ್ಟಿಗೆ ಕಟ್ಟಿ ಅದಕ್ಕೊಂದು, ಪೆಟ್ಟಿಗೆಯ ಬಾಗಿಲಲ್ಲಿ ಗಾಳಿ ಬರೋ ತೂತು ಇರ್ಲಿ ಇಲ್ಲಾಂದ್ರೆ ಮೋಟರ್ ಬಿಸಿ ಆಗತ್ತೆ. ಪ್ಲೇನರ್ ಜಾಯಿಂಟರ್‌ನಲ್ಲಿ ಸಿಪ್ಪೆ ರಾಶಿ ಜಾಸ್ತಿ, ಸಣ್ಣ ಧೂಳು ಕಮ್ಮಿ, 4 ಇಂಚಿನ ಪೈಪು ಕೊಟ್ಟು ಬಿನ್ ಆಗಾಗ ಖಾಲಿ ಮಾಡಿದ್ರೆ ಮುಗೀತು.

ಹಂತ 4: ಪೈಪು ಸರಿ ಮಾಡಿ

ಹೊಟ್ಟು ಪೈಪಲ್ಲಿ ಕೂರದೇ ಹೋಗ್ಬೇಕಂದ್ರೆ ಗಾಳಿ ವೇಗ ನಿಮಿಷಕ್ಕೆ ಸುಮಾರು 3500ರಿಂದ 4000 ಅಡಿ ಇರ್ಬೇಕು. 4000 ಅಡಿ ವೇಗದಲ್ಲಿ ಎರಡೂವರೆ ಇಂಚಿನ ಪೈಪಲ್ಲಿ ಹೋಗೋದು ಸುಮಾರು 135 ಸಿಎಫ್‌ಎಂ, 4 ಇಂಚಲ್ಲಿ 350, 6 ಇಂಚಲ್ಲಿ 785. ಅಂದ್ರೆ 4ರಿಂದ 6 ಇಂಚಿಗೆ ಹೋದ್ರೆ ಜಾಗ ಎರಡೂಕಾಲು ಪಟ್ಟಾಗತ್ತೆ. ಹಾಗಂತ ಚಿಕ್ಕ ಕಲೆಕ್ಟರ್‌ಗೆ ಸೀದಾ 6 ಇಂಚಿನ ಪೈಪು ಹಾಕ್ಬೇಡಿ, ಗಾಳಿ ಅಷ್ಟು ಇಲ್ದೇ ಇದ್ರೆ ವೇಗ ಬಿದ್ದುಹೋಗಿ ಹೊಟ್ಟು ಪೈಪಲ್ಲೇ ಮಲಗತ್ತೆ. ಕಲೆಕ್ಟರ್‌ನ ಬಾಯಿ ಎಷ್ಟು ದೊಡ್ಡದೋ ಮುಖ್ಯ ಪೈಪು ಅಷ್ಟೇ ಇಟ್ಟು, ಮಷೀನ್ ಹತ್ರ ಮಾತ್ರ ಬೇಕಾದ್ರೆ ಚಿಕ್ಕದು ಮಾಡಿ.

ಸುಕ್ಕು ಸುಕ್ಕಾಗಿರೋ ಫ್ಲೆಕ್ಸ್ ಹೋಸ್ ನುಣ್ಣನೆ ಪೈಪಿಗಿಂತ ಎಷ್ಟೋ ಪಟ್ಟು ಜಾಸ್ತಿ ಗಾಳಿ ತಡೆಯತ್ತೆ, ಮಷೀನ್ ಅಲ್ಲಾಡೋ ಜಾಗದಲ್ಲಿ ಒಂದೆರಡು ಅಡಿ ಸಾಕು. ತುಂಬಾ ಕಡೆ ಹತ್ತಡಿ ಹೋಸ್ ನೆಲದ ಮೇಲೆ ಸುರುಳಿ ಬಿದ್ದಿರತ್ತೆ, ಅದನ್ನ ಕತ್ತರಿಸಿ ಮೂರಡಿ ಮಾಡಿದ್ರೇ ವ್ಯತ್ಯಾಸ ಕಿವಿಗೆ ಗೊತ್ತಾಗತ್ತೆ. ತಿರುವಿನಲ್ಲಿ ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿದು ಹಾಕಿ ನಡುವೆ ಸ್ವಲ್ಪ ನೇರ ಪೈಪು ಇಡಿ, ಕವಲಿಗೆ ಟಿ ಆಕಾರದ್ದು ಬೇಡ, ವೈ ಆಕಾರದ್ದು ಹಾಕಿ, ಅದರ ಓರೆ ಗಾಳಿ ಹೋಗೋ ದಿಕ್ಕಿಗೇ ಇರ್ಲಿ.

ಪ್ರತಿ ಮಷೀನ್‌ಗೆ ಒಂದು ಬ್ಲಾಸ್ಟ್ ಗೇಟ್, ಅಂದ್ರೆ ಪೈಪು ತೆಗೆದು ಮುಚ್ಚೋ ಜಾರು ಬಾಗಿಲು, ಹಾಕಿ, ಕೆಲಸ ಮಾಡ್ತಿರೋದು ಮಾತ್ರ ತೆಗೆದು ಮಿಕ್ಕಿದ್ದೆಲ್ಲ ಮುಚ್ಚಿ. ಜಾಯಿಂಟ್‌ಗಳಿಗೆ ಬಟ್ಟೆ ಥರದ ಡಕ್ಟ್ ಟೇಪ್ ಬೇಡ ಅದು ಒಣಗಿ ಬಿಡತ್ತೆ, ಅಲ್ಯೂಮಿನಿಯಂ ಫಾಯಿಲ್ ಟೇಪ್ ಅಥವಾ ಸಿಲಿಕೋನ್ ಹಾಕಿ. ಲೀಕ್ ಹುಡುಕೋಕೆ ಎಲ್ಲಾ ಗೇಟ್ ಮುಚ್ಚಿ ಕಲೆಕ್ಟರ್ ಆನ್ ಮಾಡಿ ತೆಳು ಟಿಶ್ಯೂ ಪೇಪರ್ ಪಟ್ಟಿಯನ್ನ ಜಾಯಿಂಟ್ ಉದ್ದಕ್ಕೂ ಹಿಡೀರಿ, ಎಲ್ಲಿ ಎಳ್ಕೊಳ್ಳತ್ತೋ ಅಲ್ಲಿ ಲೀಕ್. ಬೆಂಕಿ ಹೊಗೆ ಬಳಸ್ಬೇಡಿ, ಸುತ್ತ ಮರದ ಧೂಳಿದೆ.

ಹಂತ 5: ಫಿಲ್ಟರ್‌ಗೆ ಮುಂಚೆ ಒಂದು ಸೆಪರೇಟರ್

ಸೆಪರೇಟರ್‌ಗಳಲ್ಲಿ ಒಂದು ಸೈಕ್ಲೋನ್, ಅಂದ್ರೆ ಗಾಳಿಯನ್ನ ಸುತ್ತಿಸಿ ಭಾರ ಇರೋ ಹೊಟ್ಟನ್ನ ಗೋಡೆಗೆ ಒತ್ತಿ ಕೆಳಗಿನ ಡ್ರಮ್‌ಗೆ ಬೀಳ್ಸೋದು, ಫಿಲ್ಟರ್ ತನಕ ಹೋಗೋದು ಸಣ್ಣ ಧೂಳು ಮಾತ್ರ. ಇದರಿಂದ ಗಾಳಿ ನೇರವಾಗಿ ಶುದ್ಧ ಆಗಲ್ಲ, ಆದ್ರೆ ಫಿಲ್ಟರ್ ಬೇಗ ಕಟ್ಟಲ್ಲ, ಹಾಗಾಗಿ ಎಳೆತ ತಿಂಗಳುಗಟ್ಟಲೆ ಒಂದೇ ಥರ ಇರತ್ತೆ. ಶಾಪ್ ವ್ಯಾಕ್ಯೂಮ್‌ಗೆ ಬಕೆಟ್ ಮೇಲೆ ಕೂರೋ ಚಿಕ್ಕ ಸೈಕ್ಲೋನ್ ಹಾಕೋದು ನನ್ನ ಪ್ರಕಾರ ಅತಿ ಕಮ್ಮಿ ಖರ್ಚಿನ ದೊಡ್ಡ ಸುಧಾರಣೆ. ಬಕೆಟ್ ನಿರ್ವಾತಕ್ಕೆ ಒಳಗೆ ಕುಸಿಯೋದುಂಟು, ಒಂದರೊಳಗೆ ಇನ್ನೊಂದು ಬಕೆಟ್ ಇಟ್ರೆ ಗಟ್ಟಿ ನಿಲ್ಲತ್ತೆ.

ಸ್ವಂತ ಮಾಡ್ಕೊಳ್ಳೋರಿಗೆ ಥೀನ್ ಬ್ಯಾಫಲ್ ಇದೆ, ಡ್ರಮ್ ಒಳಗೆ ಅಡ್ಡಲಾಗಿ ಒಂದು ಗುಂಡು ಹಲಗೆ, ಅದರ ಅಂಚಲ್ಲಿ 240 ಡಿಗ್ರಿ ಅಷ್ಟು ಸುತ್ತ ಒಂದು ಇಂಚಿಗಿಂತ ಚೂರು ಜಾಸ್ತಿ ಅಗಲದ ಸೀಳು, ಹೊಟ್ಟು ಆ ಸೀಳಲ್ಲಿ ಕೆಳಗೆ ಬಿದ್ರೆ ಮತ್ತೆ ಮೇಲೆ ಬರಲ್ಲ. ಯಾವುದೇ ಆಗ್ಲಿ ಡ್ರಮ್ ಮುಚ್ಚಳ ಗಾಳಿ ಬಿಡಬಾರ್ದು, ಕೆಳಗೆ ಸಣ್ಣ ಲೀಕ್ ಇದ್ರೂ ಬಿದ್ದ ಹೊಟ್ಟನ್ನ ಎಬ್ಬಿಸಿ ಫಿಲ್ಟರ್‌ಗೆ ಕಳಿಸತ್ತೆ. ಡ್ರಮ್ ತುಂಬಿದ್ರೂ ಅದೇ ಕಥೆ.

ಹಂತ 6: ಫಿಲ್ಟರ್

ಹಳೇ ಒಂದು ಹಂತದ (ಸೆಪರೇಟರ್ ಇಲ್ಲದ) ಕಲೆಕ್ಟರ್ ಜೊತೆ ಬರೋ ಬಟ್ಟೆ ಚೀಲ ಎಷ್ಟೋ ಸಲ 30 ಮೈಕ್ರಾನ್‌ದು. ಅಂದ್ರೆ ಹೊಟ್ಟನ್ನ ಹಿಡಿದು ಅಪಾಯದ ಧೂಳನ್ನ ರೂಮಿನ ತುಂಬಾ ಜೋರಾಗಿ ಊದೋದು, ಮಷೀನ್ ಇಲ್ದೇ ಇರೋದಕ್ಕಿಂತ ಇದು ಕೆಟ್ಟದಾಗ್ಬೋದು. ಅದನ್ನ ತೆಗೆದು 1 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದನ್ನ ಹಿಡಿಯೋ ಮಡಿಕೆ ಮಡಿಕೆಯ ಕ್ಯಾನಿಸ್ಟರ್ ಫಿಲ್ಟರ್ (ಡಬ್ಬದ ಆಕಾರದ್ದು) ಹಾಕಿ, ಮಡಿಕೆ ಇರೋದ್ರಿಂದ ಫಿಲ್ಟರ್ ವಿಸ್ತಾರ ಜಾಸ್ತಿ, ಗಾಳಿ ಸಲೀಸಾಗಿ ಹೋಗತ್ತೆ. ವ್ಯಾಕ್ಯೂಮ್‌ಗೆ ಹೆಪಾ ಫಿಲ್ಟರ್, ಅದು 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯತ್ತೆ, ಒಳಗೆ ಚೀಲಾನೂ ಹಾಕಿದ್ರೆ ಖಾಲಿ ಮಾಡುವಾಗ ಧೂಳು ಏಳಲ್ಲ.

ಸಾಧ್ಯ ಇದ್ರೆ ಫಿಲ್ಟರೇ ಬೇಡ ಅಂತ ಕಲೆಕ್ಟರ್ ಗಾಳಿಯನ್ನ ಹೊರಗೆ ಬಿಡೋದು ಇನ್ನೂ ಒಳ್ಳೇದು, ಅಕ್ಕಪಕ್ಕದವರ ಮೇಲೆ ಹೋಗದಂಗೆ ನೋಡ್ಕೊಂಡು. ಆದ್ರೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರೋಕೆ ಕಿಟಕಿ ತೆರೆದಿರ್ಬೇಕು, ಮತ್ತೆ ಅದೇ ಕಟ್ಟಡದಲ್ಲಿ ಹೊಗೆಕೊಳವೆ ಇರೋ ಗ್ಯಾಸ್ ಗೀಸರ್ ಅಥವಾ ಒಲೆ ಇದ್ರೆ ಕಲೆಕ್ಟರ್ ಆ ಹೊಗೆಯನ್ನ ವಾಪಸ್ ಒಳಗೆ ಎಳೆದು ಕಾರ್ಬನ್ ಮೊನಾಕ್ಸೈಡ್ ತುಂಬಿಸ್ಬೋದು. ಹಾಗಿದ್ರೆ ಈ ದಾರಿ ಬಿಟ್ಬಿಡಿ.

ಹಂತ 7: ತಪ್ಪಿಸ್ಕೊಂಡಿದ್ದಕ್ಕೆ ಏರ್ ಕ್ಲೀನರ್ ಮತ್ತೆ ಮಾಸ್ಕ್

ರೂಮಿನ ಉದ್ದ ಅಗಲ ಎತ್ತರ ಅಡಿಯಲ್ಲಿ ಗುಣಿಸಿ. 20, 12, 9 ಅಡಿ ಆದ್ರೆ 2160 ಘನ ಅಡಿ. ಗಂಟೆಗೆ 8 ಸಲ ಇಡೀ ಗಾಳಿ ಫಿಲ್ಟರ್ ದಾಟ್ಬೇಕು ಅಂದ್ರೆ ಸುಮಾರು 290 ಸಿಎಫ್‌ಎಂ ಬೇಕು. 2020ರಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂತಾಲ್ ಅನ್ನೋರ ಹೆಸರಲ್ಲಿ ಜನಪ್ರಿಯ ಆದ ಪೆಟ್ಟಿಗೆ ಇದೆಯಲ್ಲ, ನಾಲ್ಕು ಮರ್ವ್ 13 ಫಿಲ್ಟರ್ (ಮರ್ವ್ ಅನ್ನೋದು ಫಿಲ್ಟರ್ ಎಷ್ಟು ಚೆನ್ನಾಗಿ ಹಿಡಿಯತ್ತೆ ಅನ್ನೋದರ ರೇಟಿಂಗ್) ನಿಲ್ಸಿ ಮೇಲೆ 20 ಇಂಚಿನ ಬಾಕ್ಸ್ ಫ್ಯಾನ್ (ಚೌಕ ಪೆಟ್ಟಿಗೆಯ ಫ್ಯಾನ್) ಇಡೋದು, ಅದು ವರ್ಕ್‌ಶಾಪ್‌ಗೂ ಚೆನ್ನಾಗಿ ಆಗತ್ತೆ. ಫಿಲ್ಟರ್ ಮೇಲಿನ ಬಾಣ ಒಳಮುಖ ಇರ್ಲಿ, ಫ್ಯಾನ್ ಮೇಲಕ್ಕೆ ಊದ್ಲಿ. ನೀವು ನಿಲ್ಲೋ ಜಾಗದ ನೇರ ಮೇಲೆ ಕ್ಲೀನರ್ ಇಡ್ಬೇಡಿ, ಧೂಳು ನಿಮ್ಮ ಮುಖ ದಾಟ್ಕೊಂಡೇ ಹೋಗತ್ತೆ. ಕೆಲಸ ಮುಗಿದ ಮೇಲೂ ಒಂದೆರಡು ಗಂಟೆ ಓಡ್ಲಿ. ಇದು ಉಳಿದಿದ್ದನ್ನ ಹಿಡಿಯೋಕೆ ಮಾತ್ರ, ಹಂತ 3ರ ಬದಲಿಗೆ ಅಲ್ಲ.

ಮಾಸ್ಕ್ ಎನ್95 ಅಥವಾ ಎಫ್‌ಎಫ್‌ಪಿ2 ಕನಿಷ್ಠ, ದಿನಾ ಕೆಲಸ ಮಾಡೋರಿಗೆ ಇನ್ನೂ ಸಣ್ಣ ಧೂಳನ್ನ ಹಿಡಿಯೋ ಪಿ100 ದರ್ಜೆಯ ಫಿಲ್ಟರ್ ಇರೋ, ಮೂಗು ಬಾಯಿ ಮುಚ್ಚೋ ರಬ್ಬರ್ ಹಾಫ್ ಮಾಸ್ಕ್ ಆರಾಮ. ಗಡ್ಡ ಇದ್ರೆ ಅಂಚು ಸರಿ ಕೂರಲ್ಲ. ಬಟ್ಟೆ ಕಟ್ಕೊಳ್ಳೋದು ಲೆಕ್ಕಕ್ಕಿಲ್ಲ. ಕ್ಲೀನ್ ಮಾಡುವಾಗ, ಡ್ರಮ್ ಖಾಲಿ ಮಾಡುವಾಗ ಖಂಡಿತ ಹಾಕಿ, ಮತ್ತೆ ಪೊರಕೆ, ಏರ್ ಗನ್ ಒಳಗೆ ಬಳಸ್ಬೇಡಿ, ಕೂತಿದ್ದನ್ನೆಲ್ಲ ಮತ್ತೆ ಗಾಳಿಗೆ ಎಬ್ಬಿಸಿದಂಗೆ.

ಬೆಂಕಿ ವಿಷಯ

ಪ್ಲಾಸ್ಟಿಕ್ ಪೈಪಲ್ಲಿ ಸ್ಟ್ಯಾಟಿಕ್ ಕರೆಂಟ್ ಹುಟ್ಟಿ ಸ್ಫೋಟ ಆಗತ್ತೆ ಅಂತ ತುಂಬಾ ಜನ ಹೆದರ್ತಾರೆ. ಮನೆ ಅಳತೆಯ ವ್ಯವಸ್ಥೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯ ಕೆಂಡದ್ದು. ಮರದೊಳಗಿನ ಮೊಳೆಗೆ ಬ್ಲೇಡ್ ತಗುಲಿ ಹಾರಿದ ಕಿಡಿ, ಮೊಂಡು ಬ್ಲೇಡಿಂದ ಸುಟ್ಟ ಹೊಟ್ಟು ಡ್ರಮ್ ಒಳಗೆ ಗಂಟೆಗಟ್ಟಲೆ ಒಳಗೊಳಗೇ ಕನಲ್ತಾ ಇರತ್ತೆ. ಕಬ್ಬಿಣ ಗ್ರೈಂಡ್ ಮಾಡೋ ಮಷೀನ್‌ಗೆ ಈ ಪೈಪು ಎಂದೂ ಸಿಗ್ಸಬೇಡಿ. ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಹೊಟ್ಟಿನ ಡ್ರಮ್‌ಗೆ ಹಾಕಿದ್ರೆ ತಾನಾಗೇ ಬಿಸಿ ಏರಿ ಹೊತ್ಕೊಳ್ಳತ್ತೆ, ಅದನ್ನ ಹೊರಗೆ ಹರಡಿ ಒಣಗ್ಸಿ. ಡ್ರಮ್ ತುಂಬಿಟ್ಟು ರಾತ್ರಿ ಬಾಗಿಲು ಹಾಕ್ಕೊಂಡು ಹೋಗ್ಬೇಡಿ. ಸ್ಟ್ಯಾಟಿಕ್ ಶಾಕ್ ಕಿರಿಕಿರಿ ಆದ್ರೆ ಬರೀ ತಾಮ್ರದ ತಂತಿ ಪೈಪಿಗೆ ಸುತ್ತಿ ಅರ್ತ್ ಕೊಡಿ, ಕಿರಿಕಿರಿ ಕಮ್ಮಿ ಆಗತ್ತೆ.

ಕೊನೆಗೆ ಮತ್ತೆ ಅಳೆಯಿರಿ

ಎಲ್ಲಾ ಒಂದೇ ವಾರ ಮಾಡ್ಬೇಡಿ, ಒಂದು ಬದಲಾವಣೆ ಮಾಡಿ, ಅದೇ ಮರ ಅದೇ ಥರ ಕುಯ್ದು ಮೀಟರ್ ನೋಡಿ ಬರೆದಿಡಿ, ಆಮೇಲೆ ಮುಂದಿನದು. ಯಾವ ಕ್ರಮ ಅಂತ ಕೇಳಿದ್ರೆ ನಾನು ಹೇಳೋದು: ಇವತ್ತೇ ಮಾಸ್ಕ್, ಆಮೇಲೆ ಸ್ಯಾಂಡರ್‌ಗೆ ವ್ಯಾಕ್ಯೂಮ್ ಮತ್ತು ಹೆಪಾ, ಆಮೇಲೆ ಹೋಸ್ ಗಿಡ್ಡ ಮಾಡೋದು ಲೀಕ್ ಮುಚ್ಚೋದು, ಟೇಬಲ್ ಸಾ ಮೇಲಿನ ಬಾಯಿ, ಕಲೆಕ್ಟರ್ ಫಿಲ್ಟರ್, ಸೈಕ್ಲೋನ್, ಏರ್ ಕ್ಲೀನರ್. ಇಷ್ಟಾದ್ಮೇಲೂ ನಂಬರ್ ಇಳಿದಿಲ್ಲ ಅಂದ್ರೆ ಆಗ ದೊಡ್ಡ ಕಲೆಕ್ಟರ್ ನೋಡಿ. ಫಿಲ್ಟರ್ ಕಟ್ಟಿದ್ಯಾ ಅಂತ ತಿಳಿಯೋಕೆ ಕಲೆಕ್ಟರ್ ಮತ್ತು ಫಿಲ್ಟರ್ ನಡುವೆ ಒಂದು ಚಿಕ್ಕ ಪ್ರೆಶರ್ ಗೇಜ್ ಹಾಕಿ, ಹೊಸ ಫಿಲ್ಟರ್‌ನ ರೀಡಿಂಗ್ ಪಕ್ಕದಲ್ಲೇ ಮಾರ್ಕರ್‌ನಲ್ಲಿ ಬರೆದಿಡಿ, ಅದಕ್ಕಿಂತ ಏರ್ತಾ ಹೋದಾಗ ಫಿಲ್ಟರನ್ನ ಹೊರಗೆ ಒಯ್ದು, ಮಾಸ್ಕ್ ಹಾಕ್ಕೊಂಡು, ಹೊರಮೈ ಕಡೆಯಿಂದ ಮೆಲ್ಲಗೆ ಗಾಳಿ ಬಿಟ್ಟು ಕ್ಲೀನ್ ಮಾಡಿ.